ಎತ್ತರಿಸಿದ ಗಾಡಿಗೆ ಎಂಥ ಸ್ಟೀರಿಂಗ್? ಜೋಡಿ ಸರಳುಗಳ ಲೆಕ್ಕ

ಗೋಡೆ ಗಡಿಯಾರದ ನಿಮಿಷದ ಮುಳ್ಳನ್ನು ನೋಡಿ. ಅದು ಮೂರರ ಅಂಕೆಯ ಆಸುಪಾಸಿನಲ್ಲಿ ಅಡ್ಡಲಾಗಿ ಚಾಚಿರುವಾಗ ತುದಿ ನೇರ ಕೆಳಕ್ಕೆ ಇಳಿಯುತ್ತಿರುವಂತೆ ಕಾಣುತ್ತದೆ. ಪಕ್ಕಕ್ಕೆ ಸರಿಯುವುದು ಕಣ್ಣಿಗೇ ಬೀಳುವುದಿಲ್ಲ. ನಾಲ್ಕನ್ನು ದಾಟಿ ಐದರ ಕಡೆಗೆ ಹೊರಟಾಗ ಅದೇ ತುದಿ ಇಳಿಯುವುದರ ಜೊತೆಗೆ ಬೇಗಬೇಗನೆ ಒಳಕ್ಕೂ ಸರಿಯುತ್ತದೆ. ದಾರಿಯಿಲ್ಲದ ಕಡೆ ಓಡಿಸಲೆಂದು ಗಾಡಿಯನ್ನು ನಾಲ್ಕು ಇಂಚು ಎತ್ತರಿಸಿದವರು ಎದುರಿಸುವ ಸ್ಟೀರಿಂಗ್ ತೊಂದರೆಗಳಲ್ಲಿ ಬಹುಪಾಲು ಈ ಮುಳ್ಳಿನ ಚಲನೆಯಲ್ಲೇ ಅಡಗಿವೆ.

ಮುಂದಿನ ಎರಡೂ ಗಾಲಿಗಳನ್ನು ಒಂದೇ ಗಟ್ಟಿ ಆಕ್ಸಲ್ ಹೊತ್ತಿರುವ, ಸುರುಳಿ ಸ್ಪ್ರಿಂಗ್‌ಗಳ ಮೇಲೆ ಕುಳಿತ ಗಾಡಿಯನ್ನು ತೆಗೆದುಕೊಳ್ಳೋಣ. ಅದರ ಅಡಿಗೆ ನುಸುಳಿ ನೋಡಿದರೆ ಮೂರು ಸರಳುಗಳು ಎದ್ದು ಕಾಣುತ್ತವೆ. ಸ್ಟೀರಿಂಗ್ ಬಾಕ್ಸ್‌ನಿಂದ ಕೆಳಗಿಳಿದ ತೋಳಿಗೆ ಪಿಟ್‌ಮನ್ ಆರ್ಮ್ ಎಂದು ಹೆಸರು. ಅದರ ತುದಿಯಿಂದ ಹೊರಟು ಆಚೆ ಬದಿಯ ಗಾಲಿಯನ್ನು ತಳ್ಳುವ, ಎಳೆಯುವ ಸರಳು ಡ್ರ್ಯಾಗ್ ಲಿಂಕ್. ಎರಡು ಗಾಲಿಗಳನ್ನು ಒಂದಕ್ಕೊಂದು ಕಟ್ಟಿ ಜೊತೆಯಾಗಿ ತಿರುಗಿಸುವುದು ಟೈ ರಾಡ್. ಮೂರನೆಯ ಸರಳಿಗೆ ತಿರುಗಿಸುವ ಕೆಲಸವೇ ಇಲ್ಲ: ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲ್‌ಗೆ ಕಚ್ಚಿಕೊಂಡು, ಆಕ್ಸಲ್ ಎಡಬಲಕ್ಕೆ ಜಾರದಂತೆ ಹಿಡಿದಿಡುತ್ತದೆ. ಅದು ಟ್ರ್ಯಾಕ್ ಬಾರ್. ಸ್ಟೀರಿಂಗ್ ಬದಲಿಸಲು ಹೊರಟವರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ನನ್ನ ಮಟ್ಟಿಗೆ ಇಡೀ ಆಯ್ಕೆ ಶುರುವಾಗಬೇಕಾದದ್ದು ಇಲ್ಲಿಂದ.

ಗಾಲಿ ಉಬ್ಬಿನ ಮೇಲೆ ಏರಿದಾಗ ಆಕ್ಸಲ್ ಮೇಲಕ್ಕೆ ಹೋಗುತ್ತದೆ. ಟ್ರ್ಯಾಕ್ ಬಾರ್‌ನ ಚಾಸಿ ತುದಿ ಕದಲುವುದಿಲ್ಲ. ಆದ್ದರಿಂದ ಆಕ್ಸಲ್ ತುದಿ ಗಡಿಯಾರದ ಮುಳ್ಳಿನಂತೆ ಕಂಸದಲ್ಲಿ ಚಲಿಸಿ, ತನ್ನ ಜೊತೆ ಆಕ್ಸಲ್ಲನ್ನೂ ಪಕ್ಕಕ್ಕೆ ಒಯ್ಯುತ್ತದೆ. ಡ್ರ್ಯಾಗ್ ಲಿಂಕ್‌ನ ತುದಿಯೂ ತನ್ನದೇ ಕಂಸದಲ್ಲಿ ಚಲಿಸುತ್ತದೆ. ಎರಡೂ ಸರಳುಗಳು ಒಂದೇ ಉದ್ದದ್ದಾಗಿದ್ದು, ಸಮಾನಾಂತರವಾಗಿದ್ದರೆ ಎರಡೂ ತುದಿಗಳು ಅಷ್ಟಷ್ಟೇ ಸರಿಯುತ್ತವೆ. ಗಾಲಿಗೆ ಏನೂ ತಿಳಿಯುವುದಿಲ್ಲ. ಒಂದು ಹೆಚ್ಚು, ಒಂದು ಕಡಿಮೆ ಸರಿದರೆ ಆ ವ್ಯತ್ಯಾಸವೇ ಗಾಲಿಯನ್ನು ತಿರುಗಿಸುತ್ತದೆ. ಚಾಲಕ ಸ್ಟೀರಿಂಗ್ ಮುಟ್ಟದಿದ್ದರೂ ಗಾಡಿ ತಾನಾಗಿ ಒಂದು ಕಡೆಗೆ ಎಳೆಯುತ್ತದೆ. ಇದಕ್ಕೆ ಬಂಪ್ ಸ್ಟೀರ್ ಎನ್ನುತ್ತಾರೆ.

ಒಂದು ಲೆಕ್ಕ ಹಾಕೋಣ. ಎರಡೂ ಸರಳುಗಳ ಉದ್ದ 800 ಮಿಲಿಮೀಟರ್ ಇರಲಿ. ಎತ್ತರಿಸುವ ಮೊದಲು ಅವುಗಳ ಆಕ್ಸಲ್ ಕಡೆಯ ತುದಿ ಚಾಸಿ ಕಡೆಯ ತುದಿಗಿಂತ 50 ಮಿಲಿಮೀಟರ್ ಕೆಳಗಿತ್ತು ಎಂದುಕೊಳ್ಳಿ. ನಾಲ್ಕು ಇಂಚು, ಅಂದರೆ ಸುಮಾರು 100 ಮಿಲಿಮೀಟರ್ ಎತ್ತರಿಸಿದ ಮೇಲೆ ಆ ಅಂತರ 150 ಆಗುತ್ತದೆ. ಈಗ ಗಾಲಿ 50 ಮಿಲಿಮೀಟರ್ ಮೇಲೇರಿದರೆ ಏನಾಗುತ್ತದೆ? ಮೊದಲಿನ ಸ್ಥಿತಿಯಲ್ಲಿ ಸರಳಿನ ತುದಿ ಪಕ್ಕಕ್ಕೆ ಸರಿಯುತ್ತಿದ್ದದ್ದು ಸುಮಾರು 1.6 ಮಿಲಿಮೀಟರ್. ಈಗ ಸರಿಯುವುದು ಸುಮಾರು 8 ಮಿಲಿಮೀಟರ್, ಐದು ಪಟ್ಟು. ಆದರೂ ಎರಡು ಸರಳುಗಳೂ ಒಟ್ಟಿಗೇ ಇಳಿದಿರುವುದರಿಂದ ಇನ್ನೂ ಸಮಾನಾಂತರವಾಗಿಯೇ ಇವೆ. ಗಾಡಿ ಪಕ್ಕಕ್ಕೆ ಒಲೆದಂತೆ ಅನ್ನಿಸುತ್ತದೆ, ಆಕ್ಸಲ್ ನಡುವಿನಿಂದ 12 ಮಿಲಿಮೀಟರ್‌ಗೂ ಹೆಚ್ಚು ಸರಿದು ಕೂತಿರುತ್ತದೆ, ಆದರೆ ಗಾಲಿಗಳು ತಾವಾಗಿ ತಿರುಗುವುದಿಲ್ಲ.

ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಓರೆಯಾದ ಡ್ರ್ಯಾಗ್ ಲಿಂಕನ್ನು ಕಂಡು ಕಳವಳಗೊಂಡವರು ಕೆಳಕ್ಕೆ ಬಾಗಿದ ಪಿಟ್‌ಮನ್ ಆರ್ಮ್ ಒಂದನ್ನು ತಂದು ಹಾಕುತ್ತಾರೆ. ಅದು ಅಗ್ಗ, ಅರ್ಧ ದಿನದ ಕೆಲಸ, ಹಾಕಿದ ಮೇಲೆ ನೋಟಕ್ಕೂ ಸರಿಯಾಗಿಯೇ ಕಾಣುತ್ತದೆ. ಆದರೆ ಟ್ರ್ಯಾಕ್ ಬಾರ್ ಹಳೆಯ ಓರೆಯಲ್ಲೇ ಉಳಿದಿದೆ. ಅದೇ 50 ಮಿಲಿಮೀಟರ್ ಉಬ್ಬಿಗೆ ಆಕ್ಸಲ್ 8 ಮಿಲಿಮೀಟರ್ ಸರಿದರೆ ಡ್ರ್ಯಾಗ್ ಲಿಂಕ್ ಸರಿಯುವುದು 1.6 ಮಾತ್ರ. ಉಳಿದ 6.4 ಮಿಲಿಮೀಟರ್ ಗಾಲಿಯನ್ನು ತಿರುಗಿಸಲು ಬಳಕೆಯಾಗುತ್ತದೆ. ಗಾಲಿಯನ್ನು ತಿರುಗಿಸುವ ತೋಳು 150 ಮಿಲಿಮೀಟರ್ ಇದ್ದರೆ ಇದು ಸುಮಾರು 2.4 ಡಿಗ್ರಿ. 16ಕ್ಕೆ 1ರ ಅನುಪಾತದ ಸ್ಟೀರಿಂಗ್‌ನಲ್ಲಿ ಅಷ್ಟು ತಿರುವಿಗೆ ಚಾಲಕ ಕೈಚಕ್ರವನ್ನು ಸುಮಾರು 40 ಡಿಗ್ರಿ ತಿರುಗಿಸಬೇಕಾಗುತ್ತಿತ್ತು. ಯಾರೂ ತಿರುಗಿಸದೆ ಇದು ವೇಗದಲ್ಲಿ ನಡೆಯುತ್ತದೆ ಎಂಬುದನ್ನು ಯೋಚಿಸಿ. ಇಷ್ಟು ಸಾಲದೆಂಬಂತೆ, ಕೆಳಗಿಳಿದ ತೋಳು ಸ್ಟೀರಿಂಗ್ ಬಾಕ್ಸ್‌ನ ಸೆಕ್ಟರ್ ಶಾಫ್ಟನ್ನು, ಅಂದರೆ ಆ ತೋಳು ಕೂತಿರುವ ದಂಡವನ್ನು, ಮೊದಲಿಗಿಂತ ಹೆಚ್ಚು ಬಲದಿಂದ ಬಾಗಿಸಲು ಯತ್ನಿಸುತ್ತದೆ. ಬಾಕ್ಸ್ ಕೂತಿರುವ ಚಾಸಿಯ ಭಾಗವನ್ನೂ ತಿರುಚುತ್ತದೆ. ದೊಡ್ಡ ಟೈರ್‌ಗಳ ಗಾಡಿಗಳಲ್ಲಿ ಆ ಜಾಗದಲ್ಲಿ ಬಿರುಕು ಬಿಟ್ಟಿದೆಯೇ ಎಂದು ಆಗಾಗ ಒರೆಸಿ ನೋಡಬೇಕು.

ಹಾಗಾದರೆ ಆಯ್ಕೆ ಯಾವುದು? ಎರಡು ಇಂಚಿನ ಎತ್ತರಿಕೆಯಾದರೆ ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕಿ ಆಕ್ಸಲ್ಲನ್ನು ಮತ್ತೆ ನಡುವಿಗೆ ತಂದು, ಡ್ರ್ಯಾಗ್ ಲಿಂಕನ್ನು ಅಷ್ಟೇ ಉದ್ದ ಮಾಡಿ, ಗಾಲಿಗಳ ಟೋ, ಅಂದರೆ ಅವುಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆಯನ್ನು, ಸರಿಪಡಿಸಿದರೆ ಸಾಮಾನ್ಯವಾಗಿ ಸಾಕು. ನಾಲ್ಕು ಇಂಚು ಮತ್ತು ಅದಕ್ಕೂ ಮೇಲಾದರೆ ಹೈ ಸ್ಟೀರ್ ಎಂಬ ಏರ್ಪಾಟು ಯೋಗ್ಯ. ಡ್ರ್ಯಾಗ್ ಲಿಂಕ್‌ನ ಗಾಲಿ ಕಡೆಯ ತುದಿಯನ್ನು, ಗಾಲಿಯನ್ನು ಹೊತ್ತು ತಿರುಗುವ ತುಂಡಾದ ನಕಲ್‌ನ ಕೆಳಗಿನಿಂದ ಬಿಡಿಸಿ ಮೇಲಕ್ಕೆ ಕೂರಿಸುವುದೇ ಅದರ ತಿರುಳು. ಓರೆ ಕಡಿಮೆಯಾಗುತ್ತದೆ, ಸರಳುಗಳು ಬಂಡೆಗಳ ಏಟಿನಿಂದ ಪಾರಾಗುತ್ತವೆ. ಆದರೆ ಟ್ರ್ಯಾಕ್ ಬಾರ್‌ನ ಆಕ್ಸಲ್ ತುದಿಯನ್ನೂ ಅಷ್ಟೇ ಎತ್ತರಿಸಲೇಬೇಕು. ಆ ಎತ್ತರದ ಬ್ರಾಕೆಟ್ ಉದ್ದನೆಯ ಸನ್ನೆಗೋಲಿನಂತೆ ಆಕ್ಸಲ್ ಕೊಳವೆಯನ್ನು ತಿರುಚುವುದರಿಂದ ಅದರ ಬೆಸುಗೆ ನುರಿತ ಕೈಯದೇ ಆಗಿರಬೇಕು. ಟ್ರ್ಯಾಕ್ ಬಾರ್‌ನ ಜೊತೆ ಭಾಗ ಬರದ ಹೈ ಸ್ಟೀರ್ ಕಿಟ್ ಎಷ್ಟೇ ಸುಂದರವಾಗಿದ್ದರೂ ಅದನ್ನು ನಾನು ಪಕ್ಕಕ್ಕಿಡುತ್ತೇನೆ. ಇನ್ನೊಂದು ಸೂಕ್ಷ್ಮವಿದೆ: ನಕಲ್‌ನ ರಂಧ್ರ ಮೊನಚಾಗಿ ಕಿರಿದಾಗುತ್ತ ಹೋಗುತ್ತದೆ. ಜಾಯಿಂಟನ್ನು ಎದುರು ಬದಿಯಿಂದ ತೂರಿಸುವುದಾದರೆ ರಂಧ್ರವನ್ನು ಎದುರಿನಿಂದ ಸರಿಯಾದ ಇಳಿಜಾರಿಗೆ ಕೊರೆಯಬೇಕು. ಸುಮ್ಮನೆ ದೊಡ್ಡದಾಗಿಸಿದರೆ ಜಾಯಿಂಟ್ ಒಳಗೇ ಅಲುಗಾಡುತ್ತದೆ.

ಕೆಲವು ಗಾಡಿಗಳಲ್ಲಿ ಟೈ ರಾಡ್ ಎರಡೂ ಗಾಲಿಗಳನ್ನು ನೇರವಾಗಿ ಜೋಡಿಸದೆ, ಡ್ರ್ಯಾಗ್ ಲಿಂಕ್‌ನ ಮಧ್ಯದಿಂದ ಕವಲೊಡೆದು ಒಂದು ಗಾಲಿಗೆ ಹೋಗುತ್ತದೆ. ಕಾರ್ಖಾನೆಯ ಎತ್ತರದಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ. ಎತ್ತರಿಸಿದ ಮೇಲೆ ಕವಲಿನ ಕೋನ ಚೂಪಾಗಿ, ಗಾಲಿಗಳು ಮೇಲೆ ಕೆಳಗೆ ಆಡಿದಂತೆಲ್ಲ ಅವುಗಳ ಮುಂಭಾಗದ ಅಂತರವೂ ಹಿಗ್ಗಿ ಕುಗ್ಗುತ್ತದೆ. ಟೈರ್‌ನ ಅಂಚುಗಳು ಸವೆಯುತ್ತವೆ. ಇಂಥ ಗಾಡಿಗೆ ಗಾಲಿಯಿಂದ ಗಾಲಿಗೆ ಒಂದೇ ಟೈ ರಾಡ್ ಇರುವ ಏರ್ಪಾಟಿಗೆ ಬದಲಾಗುವುದೇ ದೊಡ್ಡ ಸುಧಾರಣೆ. ಒಂದೊಂದು ಗಾಲಿಯೂ ಬೇರೆಬೇರೆಯಾಗಿ ಆಡುವ ಸ್ವತಂತ್ರ ಸಸ್ಪೆನ್ಶನ್ ಇರುವ ಗಾಡಿಗಳ ಕಥೆ ಬೇರೆ: ಅಲ್ಲಿ ಟೈ ರಾಡ್‌ನ ಕಂಸವು ಗಾಲಿಯನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ಕಂಸಕ್ಕೆ ಹೊಂದಬೇಕು. ಒಂದನ್ನು ಕೆಳಗಿಳಿಸುವ ಕಿಟ್ ಇನ್ನೊಂದನ್ನೂ ಕೆಳಗಿಳಿಸುತ್ತದೆಯೇ ಎಂಬುದಷ್ಟೇ ಅಲ್ಲಿನ ಮೊದಲ ಪ್ರಶ್ನೆ.

ಕೋನಗಳು ಸರಿಯಾದ ಮೇಲೆ ದಪ್ಪದ ಮಾತು. ಇಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ. ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೋಲಿ ಉಕ್ಕಿನ ಸರಳು ಸಾಮಾನ್ಯ ಉಕ್ಕಿನದಕ್ಕಿಂತ ಕಡಿಮೆ ಬಾಗುತ್ತದೆ ಎಂದು ಹಲವರು ನಂಬಿದ್ದಾರೆ. ಒಂದೇ ಅಳತೆಯ ಎರಡು ಸರಳುಗಳು ಒಂದೇ ಭಾರಕ್ಕೆ ಬಹುತೇಕ ಅಷ್ಟೇ ಬಾಗುತ್ತವೆ, ಏಕೆಂದರೆ ಎಲ್ಲ ಉಕ್ಕುಗಳ ಸ್ಥಿತಿಸ್ಥಾಪಕ ಗುಣಾಂಕ 200 ಗಿಗಾಪಾಸ್ಕಲ್‌ನ ಆಸುಪಾಸಿನಲ್ಲೇ ಇದೆ. ಕ್ರೋಮೋಲಿಯ ಹೆಚ್ಚುಗಾರಿಕೆ ಇರುವುದು ಬಾಗಿದ ಮೇಲೆ: ಶಾಶ್ವತವಾಗಿ ಡೊಂಕಾಗದೆ ಮರಳುವ ಮಿತಿ ಅದಕ್ಕೆ ಎತ್ತರದಲ್ಲಿದೆ. ಬಾಗುವುದನ್ನೇ ತಡೆಯಬೇಕಿದ್ದರೆ ವ್ಯಾಸ ಹೆಚ್ಚಿಸಬೇಕು, ಏಕೆಂದರೆ ಬಿಗಿತ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 25 ಮಿಲಿಮೀಟರ್‌ನ ಗಟ್ಟಿ ಸರಳಿನ ಬದಲು 38 ಮಿಲಿಮೀಟರ್ ವ್ಯಾಸದ, 6 ಮಿಲಿಮೀಟರ್ ದಪ್ಪ ಗೋಡೆಯ ಕೊಳವೆ ಹಾಕಿದರೆ ತೂಕ ಕಾಲು ಭಾಗದಷ್ಟೂ ಹೆಚ್ಚುವುದಿಲ್ಲ, ಬಿಗಿತ ಮಾತ್ರ ನಾಲ್ಕು ಪಟ್ಟು ದಾಟುತ್ತದೆ. ಗಾಲಿಗಳ ಒತ್ತಡಕ್ಕೆ ಟೈ ರಾಡ್ ನಡುವೆ ಬಿಲ್ಲಿನಂತೆ ಮಣಿಯುವ ಅಪಾಯವನ್ನು ತಗ್ಗಿಸುವುದೂ ಇದೇ ಬಿಗಿತ. ಅಲ್ಯುಮಿನಿಯಂನ ಗುಣಾಂಕ ಉಕ್ಕಿನ ಮೂರನೆಯ ಒಂದು ಭಾಗ. ಆದರೂ 38 ಮಿಲಿಮೀಟರ್‌ನ 7075 ಅಲ್ಯುಮಿನಿಯಂ ಗಟ್ಟಿ ಸರಳು 25 ಮಿಲಿಮೀಟರ್‌ನ ಉಕ್ಕಿನ ಸರಳಿಗಿಂತ ಹಗುರ, ಹೆಚ್ಚು ಬಿಗಿ, ಮತ್ತು ಬಂಡೆಗೆ ಬಡಿದು ಬಾಗಿದರೂ ನೆಟ್ಟಗಾಗುವ ಗುಣದ್ದು. ಈ ಮಿಶ್ರಲೋಹ ನನಗೆ ಅಚ್ಚುಮೆಚ್ಚು.

ಎಲ್ಲವನ್ನೂ ಅತಿ ಬಲಿಷ್ಠ ಮಾಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ. ಸರಳು ಬಗ್ಗದಿದ್ದರೆ ಏಟು ಮುಂದಿನ ದುರ್ಬಲ ಭಾಗಕ್ಕೆ, ನಕಲ್‌ಗೋ ಸೆಕ್ಟರ್ ಶಾಫ್ಟ್‌ಗೋ ಹೋಗುತ್ತದೆ. ಮೊದಲು ಸೋಲುವ ಭಾಗ ಕಣ್ಣಿಗೆ ಕಾಣುವಂಥದ್ದು, ಮುರಿಯದೆ ಬಾಗುವಂಥದ್ದು, ದಾರಿಯಲ್ಲೇ ಬದಲಿಸಬಹುದಾದದ್ದು ಆಗಿರಲಿ.

ತುದಿಗಳ ಜಾಯಿಂಟ್‌ಗಳಲ್ಲೂ ಎರಡು ದಾರಿಗಳಿವೆ. ಲೋಹದ ಉಂಗುರದೊಳಗೆ ಗುಂಡು ತಿರುಗುವ ಹೈಮ್ ಜಾಯಿಂಟ್ ಗಟ್ಟಿ, ಬದಲಿಸಲು ಸುಲಭ. ಆದರೆ ಸಾಮಾನ್ಯವಾಗಿ ರಬ್ಬರ್ ಹೊದಿಕೆಯಿಲ್ಲದ ಕಾರಣ ಧೂಳು ನುಗ್ಗಿ ಬೇಗ ಸವೆಯುತ್ತದೆ. ದಿನನಿತ್ಯ ರಸ್ತೆಯಲ್ಲೂ ಓಡುವ ಗಾಡಿಗೆ ಗ್ರೀಸ್ ತುಂಬಬಹುದಾದ, ಹೊದಿಕೆಯಿರುವ ಟೈ ರಾಡ್ ಎಂಡ್‌ಗಳೇ ಮೇಲು.

ಇನ್ನು ಬಲ ಕೊಡುವ ಸಂಗತಿ. 37 ಇಂಚಿನ ಟೈರ್‌ಗಳನ್ನು ಗಾಳಿ ಇಳಿಸಿ ಕಲ್ಲುಗಳ ಸಂದಿಯಲ್ಲಿ ತಿರುಗಿಸುವಾಗ ಮೂಲ ಪವರ್ ಸ್ಟೀರಿಂಗ್ ಸೋಲುತ್ತದೆ. ಆಗ ಟೈ ರಾಡ್‌ಗೆ ನೇರವಾಗಿ ಹೈಡ್ರಾಲಿಕ್ ಸಿಲಿಂಡರ್ ಒಂದನ್ನು ಜೋಡಿಸುತ್ತಾರೆ. 40 ಮಿಲಿಮೀಟರ್ ವ್ಯಾಸದ ಪಿಸ್ಟನ್ ಮೇಲೆ 100 ಬಾರ್ ಒತ್ತಡ ಬಿದ್ದರೆ ತಳ್ಳುವ ಬಲ ಸುಮಾರು 12,500 ನ್ಯೂಟನ್, ಅಂದರೆ ಒಂದೂಕಾಲು ಟನ್ ಭಾರಕ್ಕೆ ಸಮ. ಈ ಬಲ ಸ್ಟೀರಿಂಗ್ ಬಾಕ್ಸನ್ನು ಹಾಯದೆ ಗಾಲಿಗೆ ತಲಪುವುದರಿಂದ ಬಾಕ್ಸ್ ಉಳಿಯುತ್ತದೆ. ಸರಳುಗಳನ್ನೆಲ್ಲ ಕಿತ್ತು ಬರೀ ಎಣ್ಣೆಯ ಕೊಳವೆಗಳಿಂದ ನಡೆಸುವ ಪೂರ್ಣ ಹೈಡ್ರಾಲಿಕ್ ಸ್ಟೀರಿಂಗ್ ಕೂಡ ಇದೆ. ಅದರಲ್ಲಿ ಕೈಗೂ ಗಾಲಿಗೂ ನಡುವೆ ಲೋಹದ ಕೊಂಡಿಯೇ ಇರುವುದಿಲ್ಲ. ಕೊಳವೆ ಒಡೆದರೆ ಸ್ಟೀರಿಂಗೇ ಇಲ್ಲ. ಹಲವು ದೇಶಗಳು ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಒಪ್ಪುವುದಿಲ್ಲ, ಮತ್ತು ಒಪ್ಪದಿರುವುದು ಸರಿ.

ಹೊಸ ಸ್ಟೀರಿಂಗ್ ಕೊಳ್ಳುವಂತೆ ಜನರನ್ನು ದೂಡುವ ದೊಡ್ಡ ಭಯವೊಂದಿದೆ: ಹೆದ್ದಾರಿಯ ವೇಗದಲ್ಲಿ ಸಣ್ಣ ಗುಂಡಿ ದಾಟಿದೊಡನೆ ಇಡೀ ಮುಂಭಾಗ ಎಡಬಲಕ್ಕೆ ಒದರುವ ಡೆತ್ ವಾಬಲ್. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಕಂಪನ. ಗಾಡಿಯ ಓಟವೇ ಅದಕ್ಕೆ ಶಕ್ತಿ ಉಣಿಸುತ್ತದೆ, ವೇಗ ತಗ್ಗಿಸುವವರೆಗೂ ನಿಲ್ಲುವುದಿಲ್ಲ. ಸವೆದ ಟ್ರ್ಯಾಕ್ ಬಾರ್ ಬುಷ್, ಸಡಿಲ ಬೋಲ್ಟ್, ಸವೆದ ಬಾಲ್ ಜಾಯಿಂಟ್, ಸಮತೋಲ ತಪ್ಪಿದ ಟೈರ್ ಇದರ ಎಂದಿನ ಮೂಲಗಳು. ಎತ್ತರಿಸಿದಾಗ ಕಂಟ್ರೋಲ್ ಆರ್ಮ್‌ಗಳು ಆಕ್ಸಲ್ಲನ್ನು ತುಸು ಉರುಳಿಸಿ, ಗಾಲಿ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವ ಕ್ಯಾಸ್ಟರ್ ಕೋನವನ್ನು ಕಡಿಮೆ ಮಾಡುವುದೂ ಸೇರಿಕೊಳ್ಳುತ್ತದೆ. ಗಾಲಿ ತಾನಾಗಿ ನೇರಕ್ಕೆ ಮರಳುವುದು ಆ ಕೋನದಿಂದ. ದಪ್ಪನೆಯ ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಒದರಾಟ ಕೆಲವು ದಿನ ಮುಚ್ಚಿಹೋಗುತ್ತದೆ, ಸವೆತ ಒಳಗೆ ಮುಂದುವರಿಯುತ್ತದೆ. ಆದ್ದರಿಂದ ಏನನ್ನಾದರೂ ಕೊಳ್ಳುವ ಮುಂಚೆ ಗಾಡಿಯನ್ನು ಗಾಲಿಗಳ ಮೇಲೆಯೇ ನಿಲ್ಲಿಸಿ, ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಚುಟುಕಾಗಿ ಆಡಿಸುತ್ತಿರಲಿ; ನೀವು ಕೆಳಗೆ ಮಲಗಿ ಪ್ರತಿ ಜಾಯಿಂಟ್ ಮೇಲೂ ಬೆರಳಿಟ್ಟು ನೋಡಿ. ಸಡಿಲವಿದ್ದರೆ ಬೆರಳಿಗೆ ಗೊತ್ತಾಗುತ್ತದೆ.

ಬ್ರಾಕೆಟ್‌ಗಳನ್ನು ಪೂರ್ತಿ ಬೆಸೆಯುವ ಮುನ್ನ ಚುಕ್ಕಿ ಬೆಸುಗೆಯಲ್ಲಷ್ಟೇ ನಿಲ್ಲಿಸಿ ಇನ್ನೊಂದು ಪರೀಕ್ಷೆ ಮಾಡಬಹುದು. ಚಾಸಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಮುಂದಿನ ಸ್ಪ್ರಿಂಗ್‌ಗಳನ್ನು ತೆಗೆಯಬೇಕು. ಸ್ಟೀರಿಂಗನ್ನು ನೇರಕ್ಕೆ ಕಟ್ಟಿಹಾಕಿ, ಬ್ರೇಕ್ ಡಿಸ್ಕ್‌ಗೆ ಉದ್ದನೆಯ ನೇರ ಪಟ್ಟಿಯೊಂದನ್ನು ಬಿಗಿಯಬೇಕು. ಈಗ ಜಾಕ್‌ನಿಂದ ಆಕ್ಸಲ್ಲನ್ನು ಕೆಳತುದಿಯಿಂದ ಅದರ ಏರಿಕೆಗೆ ತಡೆಯಾಗಿರುವ ಬಂಪ್ ಸ್ಟಾಪ್ ತಾಗುವವರೆಗೆ ನಿಧಾನವಾಗಿ ಎತ್ತಿ. ಡ್ರ್ಯಾಗ್ ಲಿಂಕ್ ಚಾಸಿಗೋ ಎಂಜಿನ್‌ನ ತಳಕ್ಕೋ ತಗಲುತ್ತದೆಯೇ ಎಂಬುದು ಆಗಲೇ ಕಾಣುತ್ತದೆ. ಆಕ್ಸಲ್ ಜೊತೆ ಪಟ್ಟಿ ತುಸು ಪಕ್ಕಕ್ಕೆ ಸರಿಯುವುದು ಸಹಜ. ಅದರ ಎರಡೂ ತುದಿಗಳು ಅಷ್ಟಷ್ಟೇ ಸರಿದರೆ ಕೋನಗಳು ಹೊಂದಿವೆ. ಒಂದು ತುದಿ ಮುಂದೆ ಓಡಿ ಇನ್ನೊಂದು ಹಿಂದೆ ಉಳಿದರೆ ಟ್ರ್ಯಾಕ್ ಬಾರ್‌ನ ಬ್ರಾಕೆಟ್ಟನ್ನು ಬಿಡಿಸಿ, ಜಾಗ ಬದಲಿಸಿ, ಜಾಕನ್ನು ಮತ್ತೆ ಕೆಳಗಿಳಿಸಿ.