ಬಂಗಾರಪ್ಪ ಯಾವ ಪಕ್ಷ? ಕೊಳಗದಿಂದ ಶುರುವಾದ ಕಥೆ

ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪ ನಾಲ್ಕು ಸಲ ಗೆದ್ದರು. 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ. ಗೆಲುವು ನಾಲ್ಕು, ಚಿಹ್ನೆಯೂ ನಾಲ್ಕು. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ಪಕ್ಷಾಂತರಿ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಆದರೆ ಅಷ್ಟು ಸಲ ಪಕ್ಷ ಬಿಟ್ಟವರನ್ನು ಅದೇ ಜನ ಅಷ್ಟು ಸಲ ಯಾಕೆ ಗೆಲ್ಲಿಸಿದರು? ಅದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಲ್ಲಿಯವರೆಗೆ ಅಂದರೆ, ಒಂದು ಕೊಳಗದವರೆಗೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ಎದುರು ನಿಂತರು. ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಮನೆಯ ಕೊಳಗದಲ್ಲಿ ಹೆಚ್ಚು ಸೇರು ಹಿಡಿಯುತ್ತಿತ್ತು. ವರ್ಷವೆಲ್ಲ ದುಡಿದವನ ಭತ್ತ ಅಂಗಳದಲ್ಲೇ ಕರಗಿ ಹೋಗುತ್ತಿತ್ತು. ಗೇಣಿದಾರರಲ್ಲಿ ಜಾಸ್ತಿ ಜನ ದೀವರು ಅನ್ನುವ ಸಮುದಾಯದವರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಊರಿನ ಹೆಸರು ದೇಶಕ್ಕೆ ಗೊತ್ತಾಯಿತು. ಮರುವರ್ಷ ಇದೇ ಹೋರಾಟದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಶಿವಮೊಗ್ಗದ ಸಮಾಜವಾದ ಬೆಳೆದದ್ದು ಹೀಗೆ.

ಸೊರಬ ತಾಲ್ಲೂಕಿನ ಕುಬಟೂರಿನ ಬಂಗಾರಪ್ಪ ಕಾನೂನು ಓದಿದವರು, ದೀವರ ಸಮುದಾಯದವರು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಸೊರಬದಲ್ಲಿ ಗೆದ್ದರು. ಅಲ್ಲಿಂದ 1994ರವರೆಗೆ ಅದೇ ಕ್ಷೇತ್ರದಲ್ಲಿ ಒಟ್ಟು ಏಳು ಗೆಲುವು. 'ಸೋಲಿಲ್ಲದ ಸರದಾರ' ಅನ್ನುವ ಹೆಸರು ಬಂದದ್ದು ಈ ಸೊರಬದ ಲೆಕ್ಕದಿಂದ. ಲೋಕಸಭೆಗೆ ನಿಂತು 1998ರಲ್ಲಿ ಸೋತಿದ್ದರು, ಅದನ್ನು ಯಾರೂ ಹೆಚ್ಚು ನೆನಪಿಟ್ಟುಕೊಂಡಿಲ್ಲ.

ಎಪ್ಪತ್ತರ ದಶಕದಲ್ಲಿ ಉಳುವವನೇ ಹೊಲದೊಡೆಯ ಕಾಯ್ದೆ ಬಂತು, ಸಮಾಜವಾದಿಗಳು ಚದುರಿದರು, ಬಂಗಾರಪ್ಪ ಕಾಂಗ್ರೆಸ್ ಸೇರಿ ಮಂತ್ರಿಯಾದರು. 1980ರಲ್ಲಿ ಮುಖ್ಯಮಂತ್ರಿ ಕುರ್ಚಿ ಗುಂಡೂರಾಯರಿಗೆ ಹೋಯಿತು. ಬಂಗಾರಪ್ಪ ದೇವರಾಜ ಅರಸರ ಕ್ರಾಂತಿರಂಗ ಪಕ್ಷದ ಕಡೆ ಬಂದರು. 1982ರಲ್ಲಿ ಅರಸು ತೀರಿಕೊಂಡ ಮೇಲೆ ಅದರ ಭಾರ ಅವರ ಹೆಗಲಿಗೇ ಬಿತ್ತು. 1983ರಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ ಕಾಂಗ್ರೆಸ್ಸನ್ನು ಕರ್ನಾಟಕದಲ್ಲಿ ಮೊದಲ ಸಲ ಅಧಿಕಾರದಿಂದ ಕೆಳಗಿಳಿಸಿದವು. ಈ ಸಲ ಬಂಗಾರಪ್ಪನೇ ಮುಖ್ಯಮಂತ್ರಿ ಅಂತ ಬಹಳ ಜನ ಅಂದುಕೊಂಡಿದ್ದರು. ಆದದ್ದು ರಾಮಕೃಷ್ಣ ಹೆಗಡೆ. ಆಗ ಅವರು ಶಾಸಕರೂ ಆಗಿರಲಿಲ್ಲ. ದುಡಿದದ್ದು ಒಬ್ಬರು, ಉಂಡದ್ದು ಇನ್ನೊಬ್ಬರು ಅಂತ ಸೊರಬದವರಿಗೆ ಅನಿಸಿದರೆ ತಪ್ಪು ಹೇಳುವುದು ಕಷ್ಟ. ಬಂಗಾರಪ್ಪ ಮತ್ತೆ ಕಾಂಗ್ರೆಸ್ಸಿಗೆ ಹೋದರು, ವಿರೋಧ ಪಕ್ಷದ ನಾಯಕರಾದರು.

1989ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಒಂದೇ ವರ್ಷದಲ್ಲಿ ಪಾಟೀಲರನ್ನು ಇಳಿಸುವ ಮಾತು ರಾಜೀವ್ ಗಾಂಧಿಯವರ ಬಾಯಿಂದ ವಿಮಾನ ನಿಲ್ದಾಣದಲ್ಲಿ ಹೊರಬಿತ್ತು. ಕೆಲವೇ ದಿನ ರಾಷ್ಟ್ರಪತಿ ಆಡಳಿತ. 1990ರ ಅಕ್ಟೋಬರ್ 17ರಂದು ಬಂಗಾರಪ್ಪ ಮುಖ್ಯಮಂತ್ರಿ. ಕುರ್ಚಿಯಲ್ಲಿ ಇದ್ದದ್ದು ಎರಡು ವರ್ಷ, ಒಂದು ತಿಂಗಳು. ಅವರ ಹೆಸರು ಇವತ್ತಿಗೂ ಹಳ್ಳಿಗಳಲ್ಲಿ ಓಡಾಡುತ್ತಿದ್ದರೆ ಅದು ಈ ಅವಧಿಯಿಂದ.

ಆಗ ಬಂದ ಯೋಜನೆಗಳನ್ನು ನೋಡಿ. ಆಶ್ರಯ ಅಂದರೆ ಬಡವರಿಗೆ ಮನೆ. ವಿಶ್ವ ಅಂದರೆ ಹಳ್ಳಿಯ ಕಸುಬುದಾರರಿಗೆ ನೆರವು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು. ಆರಾಧನಾ ಯೋಜನೆಯ ಬಗ್ಗೆ ಪೇಟೆಯವರು ಆಗ ನಕ್ಕಿದ್ದೇ ಜಾಸ್ತಿ: ಸರ್ಕಾರಕ್ಕೆ ಗುಡಿ ಕಟ್ಟುವ ಕೆಲಸವಾ? ಆದರೆ ಆ ಗುಡಿ ಯಾವುದು ನೋಡಿ. ಊರಾಚೆ ಮರದ ಬುಡದಲ್ಲಿ, ನಾಲ್ಕು ಕಂಬ, ಮೇಲೊಂದು ತಗಡು, ಒಳಗೆ ಚೌಡಮ್ಮನೋ ಭೂತಪ್ಪನೋ. ದೊಡ್ಡ ದೇವಸ್ಥಾನದ ಜಗುಲಿ ಹತ್ತಲು ಹಿಂಜರಿಯುತ್ತಿದ್ದವರ ದೇವರು ಅದು. ಅದಕ್ಕೆ ಸರ್ಕಾರದ ದುಡ್ಡಿನಲ್ಲಿ ಗೋಡೆ ಬಂತು. ಗೋಡೆಗಿಂತ ಜಾಸ್ತಿ, ನಮ್ಮ ದೇವರನ್ನೂ ಲೆಕ್ಕಕ್ಕೆ ತಗೊಂಡರಲ್ಲ ಅನ್ನುವ ಸಮಾಧಾನ ಬಂತು.

ಇನ್ನೊಂದು ಫಾರಂ 50. ಮಲೆನಾಡಿನಲ್ಲಿ ಹತ್ತಾರು ವರ್ಷ ಸರ್ಕಾರಿ ಜಾಗ ಉಳುತ್ತಿದ್ದವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಬಗರ್‌ಹುಕುಂ ಅನ್ನುತ್ತಾರೆ ಅದಕ್ಕೆ. 1991ರಲ್ಲಿ ಭೂಕಂದಾಯ ಕಾಯ್ದೆಗೆ 94ಎ ಕಲಂ ಸೇರಿ, ಸಕ್ರಮಕ್ಕೆ ಫಾರಂ 50ರಲ್ಲಿ ಅರ್ಜಿ ಹಾಕಿ ಅಂತ ಸರ್ಕಾರವೇ ಕರೆಯಿತು.

ಎಲ್ಲವೂ ಚೆನ್ನಾಗಿ ಆಯಿತು ಅಂತಲ್ಲ. ನೇಮಕಾತಿಯಲ್ಲಿ ಹಳ್ಳಿ ಅಭ್ಯರ್ಥಿಗಳಿಗೆ ಕೊಟ್ಟ ಗ್ರಾಮೀಣ ಕೃಪಾಂಕ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕೆಲಸ ಸಿಕ್ಕಿದವರು ವರ್ಷಗಟ್ಟಲೆ ತೂಗುಯ್ಯಾಲೆಯಲ್ಲಿ ಕೂತರು. ಕಂಪ್ಯೂಟರ್ ಖರೀದಿಯಲ್ಲಿ ಅಕ್ರಮ ಆಯಿತು ಅನ್ನುವ ಕ್ಲಾಸಿಕ್ ಕಂಪ್ಯೂಟರ್ ಪ್ರಕರಣ ಬಂಗಾರಪ್ಪನವರನ್ನು ಬಹಳ ಕಾಲ ಕಾಡಿತು. ಕೊನೆಗೆ ದೋಷಮುಕ್ತರಾದರು, ಆದರೆ ಆರೋಪದ ಸುದ್ದಿ ಮುಟ್ಟಿದಷ್ಟು ಮನೆಗೆ ಬಿಡುಗಡೆಯ ಸುದ್ದಿ ಮುಟ್ಟಲಿಲ್ಲ.

ಕಾವೇರಿಯ ವಿಷಯ ಇನ್ನೂ ಭಾರ. 1991ರ ಜೂನ್ 25ರಂದು ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು: ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು. ಒಂದೇ ತಿಂಗಳಲ್ಲಿ ಬಂಗಾರಪ್ಪ ಸರ್ಕಾರ ಸುಗ್ರೀವಾಜ್ಞೆ ತಂದು ನಮ್ಮ ರೈತರ ನೀರನ್ನು ರಕ್ಷಿಸುತ್ತೇವೆ ಅಂದಿತು. ಆ ದಿನ ಅವರಷ್ಟು ಜನಪ್ರಿಯ ನಾಯಕ ಮಂಡ್ಯದಲ್ಲೂ ಇರಲಿಲ್ಲವೇನೋ. ನವೆಂಬರಿನಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ ನ್ಯಾಯಮಂಡಳಿಯ ಆದೇಶ ಗೆಜೆಟ್ಟಿಗೆ ಬಂತು, ಬಂದ್ ಆಯಿತು, ಬೆಂಗಳೂರಿನಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿತ್ತು. ಜೀವಗಳು ಹೋದವು. ಆ ವಾರದ ಬಗ್ಗೆ ಮಾತಾಡುವಾಗ ಅಭಿಮಾನಿಗಳೂ ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾದ್ದೇ.

1992ರ ನವೆಂಬರಿನಲ್ಲಿ ಹೈಕಮಾಂಡ್ ಅವರನ್ನು ಇಳಿಸಿ ವೀರಪ್ಪ ಮೊಯ್ಲಿಯವರನ್ನು ಕೂರಿಸಿತು. ಬಂಗಾರಪ್ಪ ಸ್ವಂತ ಪಕ್ಷ ಕಟ್ಟಿದರು, ಅದೇ ಕರ್ನಾಟಕ ಕಾಂಗ್ರೆಸ್ ಪಕ್ಷ. 1994ರಲ್ಲಿ ಅವರಿಗೆ ಸಿಕ್ಕಿದ್ದು ಹತ್ತೇ ಸ್ಥಾನ, ಆದರೆ ಕಾಂಗ್ರೆಸ್ 178ರಿಂದ 34ಕ್ಕೆ ಇಳಿಯಿತು. ಅಷ್ಟೂ ಇವರೊಬ್ಬರಿಂದ ಅಲ್ಲ, ಆದರೆ ಪೆಟ್ಟು ಸಣ್ಣದೂ ಅಲ್ಲ.

ಆಮೇಲಿನದು ಮೊದಲೇ ಹೇಳಿದ ಚಿಹ್ನೆಗಳ ಕಥೆ. ಅದರಲ್ಲಿ 2004 ಮಾತ್ರ ಬೇರೆ ತರಹ. ಸಮಾಜವಾದಿ ಮನೆಯಿಂದ ಬಂದವರು ಬಿಜೆಪಿಗೆ ಹೋದದ್ದು ಹಳೆಯ ಗೆಳೆಯರಿಗೆ ನುಂಗಲಾರದ ತುತ್ತಾಯಿತು. ಅವರ ಜೊತೆ ಬೆಂಬಲಿಗರೂ ಹೋದರು. ಸಾಗರದಲ್ಲಿ ಕಾಗೋಡು ತಿಮ್ಮಪ್ಪನವರಂಥ ಹಿರಿಯರೇ ಬಿಜೆಪಿ ಎದುರು ಸೋತರು. ಮುಂದಿನ ವರ್ಷ ಬಂಗಾರಪ್ಪ ಹೊರಬಂದರು. ಹೋದವರೆಲ್ಲ ಹಿಂದೆ ಬರಲಿಲ್ಲ. ಬಾಗಿಲು ತೆರೆದವರು ವಾಪಸ್ ಬಂದರೂ ಬಾಗಿಲು ತೆರೆದೇ ಇತ್ತು. 2008ರಲ್ಲಿ ಶಿಕಾರಿಪುರಕ್ಕೇ ಹೋಗಿ ಯಡಿಯೂರಪ್ಪನವರ ಎದುರು ನಿಂತು ಸೋತರು. 2009ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಲೋಕಸಭೆಗೆ ನಿಂತಾಗ ಸೋತದ್ದು ಯಡಿಯೂರಪ್ಪನವರ ಮಗನ ಕೈಯಲ್ಲಿ. ಕಡೆಗೆ ಜೆಡಿಎಸ್. 2011ರ ಡಿಸೆಂಬರ್ 26ರಂದು ತೀರಿಕೊಂಡರು.

ಸೊರಬದಲ್ಲಿ ಆಟ ಮುಂದುವರಿದಿದೆ. 2004ರಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳು ಎದುರುಬದುರು ನಿಂತರು: ಕುಮಾರ್ ಕಾಂಗ್ರೆಸ್ಸಿನಿಂದ, ಮಧು ಬಿಜೆಪಿಯಿಂದ. ಅಣ್ಣ ಕುಮಾರ್ ಗೆದ್ದರು. 2018ರಲ್ಲಿ ಅಣ್ಣ ಬಿಜೆಪಿಯಲ್ಲಿ, ತಮ್ಮ ಜೆಡಿಎಸ್‌ನಲ್ಲಿ, ಗೆದ್ದದ್ದು ಮತ್ತೆ ಅಣ್ಣ. 2023ರಲ್ಲಿ ತಮ್ಮ ಕಾಂಗ್ರೆಸ್ಸಿನಿಂದ ಗೆದ್ದು ಶಿಕ್ಷಣ ಸಚಿವರಾದರು. ಯಾರು ಯಾವ ಪಕ್ಷ ಅಂತ ನೆನಪಿಟ್ಟುಕೊಳ್ಳಲು ಒಂದು ಚೀಟಿ ಬೇಕು, ಅಲ್ವಾ?

ಚೀಟಿ ಅಂದ ಮೇಲೆ, ಮಲೆನಾಡಿನ ಮನೆಗಳ ಟ್ರಂಕಿನಲ್ಲಿ ಇನ್ನೊಂದು ಚೀಟಿ ಇರುತ್ತದೆ. ಮಡಿಕೆಯಲ್ಲಿ ಹರಿದ, ಶಾಯಿ ಮಾಸಿದ, 1991ರ ಅರ್ಜಿಯ ರಸೀದಿ. ಫಾರಂ 50 ಆದ ಮೇಲೆ 53 ಬಂತು, 2018ರಲ್ಲಿ 57 ಬಂತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಈಗಲೂ ಮೊದಲ ಪ್ರಶ್ನೆ ಅದೇ: "ನಿಮ್ದು ಯಾವ ನಂಬರ್?"