ಮಳೆ ಚಳ್ಳಕೆರೆಯದು, ಬೆಲೆ ಬಂದರಿನದು

ನೂರು ಕಿಲೋ ಒಣ ಶೇಂಗಾಕಾಯಿ ಸುಲಿದರೆ ಹೆಚ್ಚುಕಡಿಮೆ ಎಪ್ಪತ್ತು ಕಿಲೋ ಬೀಜ. ನೂರು ಕಿಲೋ ಬೀಜವನ್ನು ಎಣ್ಣೆ ಹಿಂಡುವ ಯಂತ್ರ ಎಕ್ಸ್‌ಪೆಲ್ಲರ್‌ಗೆ ಹಾಕಿದರೆ ನಲವತ್ತೆರಡು ಕಿಲೋ ಎಣ್ಣೆ, ಐವತ್ತೈದು ಕಿಲೋ ಹಿಂಡಿ. ಉಳಿದದ್ದು ತೇವ, ಗಸಿ. ಚಳ್ಳಕೆರೆಗೆ 'ಎಣ್ಣೆ ನಗರಿ' ಎಂಬ ಹೆಸರು ತಂದದ್ದೂ, ಆಮೇಲೆ ಮಿಲ್‌ಗಳನ್ನು ಒಂದೊಂದಾಗಿ ಬಾಗಿಲು ಹಾಕಿಸಿದ್ದೂ ಈ ಲೆಕ್ಕವೇ.

ಮಿಲ್‌ಗಳು ಇಲ್ಲಿ ಎದ್ದದ್ದು ಬೆಳೆಯ ಬೆನ್ನಿಗೆ. 1940ರಲ್ಲಿ ತಿಂಡಿವನಂನಿಂದ ಬಂದ ಟಿಎಂವಿ-2 ತಳಿ ಈ ಭಾಗದ ಕೆಂಪು ಮಣ್ಣಿಗೆ ಎಷ್ಟು ಒಗ್ಗಿತೆಂದರೆ, ಎಷ್ಟೋ ಹೊಸ ತಳಿ ಬಂದರೂ ರೈತರು ಅದನ್ನು ಬಿಟ್ಟುಕೊಡಲಿಲ್ಲ. ಆದರೆ ಎಲ್ಲವೂ ಮಳೆಯಾಶ್ರಿತ. ಹೂ ಬಿಟ್ಟು, ಕಾಯಿ ಕಟ್ಟುವ ಊಡು ಮಣ್ಣಿಗಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಕಾಯಿ ಜೊಳ್ಳು. ನೂರಕ್ಕೆ ಎಪ್ಪತ್ತು ಬರಬೇಕಾದ ಬೀಜ ಅರವತ್ತಕ್ಕಿಳಿಯುತ್ತದೆ.

ಹಾಗಿದ್ದರೂ ಬೆಳೆ ಕಡಿಮೆಯಾದ ವರ್ಷ ಎಣ್ಣೆಯ ಬೆಲೆ ಏರಿ ಮಿಲ್‌ನವರಿಗೆ ಸರಿದೂಗುತ್ತಿತ್ತು. ಆ ಆಸರೆ ತಪ್ಪಿದ್ದು 1994ರಲ್ಲಿ. ತಾಳೆ ಎಣ್ಣೆಯಿಂದ ತೆಗೆದ ಪಾಮೋಲಿನ್ ಆಮದಿಗೆ ಲೈಸೆನ್ಸ್ ಬೇಡವಾಯಿತು. ಆಗ ಸುಂಕ ಶೇ 65. 1998ರ ಹೊತ್ತಿಗೆ ಶೇ 15. ಕಿರಾಣಿ ಅಂಗಡಿಯಲ್ಲಿ ಅಗ್ಗದ ಎಣ್ಣೆ ಪಕ್ಕದಲ್ಲೇ ಇರುವಾಗ ಶೇಂಗಾ ಎಣ್ಣೆಯ ಬೆಲೆ ಒಂದು ಮಟ್ಟ ದಾಟಿದರೆ ಗಿರಾಕಿ ಕೈ ಬದಲಿಸುತ್ತಾನೆ. ಅಲ್ಲಿಂದಾಚೆಗೆ ಕಾಯಿಯ ದರ ಚಳ್ಳಕೆರೆಯ ಮಳೆ ನೋಡಿ, ಎಣ್ಣೆಯ ದರ ಆಮದು ಎಣ್ಣೆ ಇಳಿಯುವ ಬಂದರು ನೋಡಿ.

2022 ಇದರ ಇನ್ನೊಂದು ಮುಖ. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಪೂರೈಕೆ ಕುಸಿಯಿತು. ಏಪ್ರಿಲ್ 28ರಿಂದ ಮೇ 23ರವರೆಗೆ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ತಡೆಯಿತು. ದರ ಏರಿದಾಗ ಲಾಭ ಗೋದಾಮಿನಲ್ಲಿ ಕಾಯಿ ಇದ್ದವರದ್ದು, ಆ ವಾರ ಕೊಳ್ಳಲು ಹೋದವರದ್ದಲ್ಲ.

ಲೆಕ್ಕ ಹಾಕಿ ನೋಡಿ. 2025-26ರ ಬೆಂಬಲ ಬೆಲೆ ಕ್ವಿಂಟಲ್ ಕಾಯಿಗೆ 7,263 ರೂಪಾಯಿ. ಅದೇ ದರಕ್ಕೆ ಕೊಂಡರೆ ಒಂದು ಕ್ವಿಂಟಲ್ ಬೀಜಕ್ಕೆ ಸುಮಾರು 10,376. ಹಿಂಡಿ ಕಿಲೋಗೆ 35 ಸಿಕ್ಕಿತೆಂದುಕೊಳ್ಳಿ, 1,925 ಕಳೆದು ನಲವತ್ತೆರಡರಿಂದ ಭಾಗಿಸಿದರೆ ಕಿಲೋ ಎಣ್ಣೆಗೆ 201 ರೂಪಾಯಿ. ಇನ್ನೂ ಸುಲಿಯುವ ಕೂಲಿ, ಕರೆಂಟು, ಡಬ್ಬ, ಬಡ್ಡಿ ಸೇರಿಲ್ಲ. ಹಿಂಡಿ 25ಕ್ಕೆ ಇಳಿದರೆ ಎಣ್ಣೆಯ ಅಸಲು 214. ಎಣ್ಣೆಯ ದರವನ್ನೇ ನೋಡುತ್ತ ಕೂತು ಹಿಂಡಿಯನ್ನು ಮರೆತವರು ಮುಳುಗುವುದು ಇಲ್ಲೇ.

ಎಣ್ಣೆಯ ಇಳುವರಿ ನಲವತ್ತೆರಡರಿಂದ ನಲವತ್ತಕ್ಕೆ ಬಂದರೆ, ಆ ಎರಡು ಕಿಲೋ ಹಿಂಡಿಯ ತೂಕಕ್ಕೆ ಸೇರಿ 35ರಂತೆ ಮಾರಾಟವಾದರೂ, ಕಿಲೋಗೆ ಎಂಟು ರೂಪಾಯಿ ಹೊರೆ. ಇದು ಮಾತ್ರ ಮಿಲ್‌ನವರ ಕೈಯಲ್ಲೇ ಇದೆ. ಬೀಜದಲ್ಲಿ ತೇವ ಹೆಚ್ಚಿದ್ದರೆ ಎಕ್ಸ್‌ಪೆಲ್ಲರ್ ಒಳಗೆ ಜಾರುತ್ತದೆ, ಒತ್ತಡ ಏರುವುದಿಲ್ಲ, ಎಣ್ಣೆ ಹಿಂಡಿಯಲ್ಲೇ ಉಳಿಯುತ್ತದೆ. ತೀರಾ ಒಣಗಿದ್ದರೆ ಪುಡಿಯಾಗಿ ಗಸಿ ಜಾಸ್ತಿ. ಒಳಗೆ ಬೀಜವನ್ನು ಒತ್ತುವ ತಿರುಪು, ಅಂದರೆ ವರ್ಮ್, ಸವೆದಿದ್ದರೂ ಇದೇ ಕಥೆ. ಹಿಂಡಿಯ ಚೂರನ್ನು ಕಾಗದದ ಮೇಲೆ ಒತ್ತಿದಾಗ ಎಣ್ಣೆಕಲೆ ಬೇಗ ಹರಡಿದರೆ ವರ್ಮ್ ಬಿಚ್ಚಿ ನೋಡುವ ಹೊತ್ತು.

ಸ್ಟಾಕ್ ಇಡುವುದಾದರೆ ಕಾಯಿಯಾಗಿಯೇ ಇಡಬೇಕು. ಸುಲಿದಿಟ್ಟ ಬೀಜಕ್ಕೆ ಹುಳ ಬೀಳುತ್ತದೆ, ಕಮಟು ಹಿಡಿಯುತ್ತದೆ. ತೇವ ಶೇ 8 ಮೀರಿದರೆ ಬೂಷ್ಟು. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಹಿಂಡಿಗೆ ಸೇರಿದರೆ ಪಶು ಆಹಾರದವರು ಲೋಡನ್ನೇ ವಾಪಸ್ ಕಳಿಸುತ್ತಾರೆ. ಕಾಯಿ ಜಾಗ ಹೆಚ್ಚು ತಿನ್ನುತ್ತದೆ ನಿಜ.

ಎಷ್ಟು ತಿಂಗಳಿಗೆ ಇಡಬೇಕು ಎಂಬುದೇ ಕಷ್ಟದ ಪ್ರಶ್ನೆ. 2024ರ ಸೆಪ್ಟೆಂಬರ್ 14ರಂದು ಕಚ್ಚಾ ಖಾದ್ಯ ತೈಲದ ಒಟ್ಟು ಆಮದು ಸುಂಕ ಶೇ 5.5ರಿಂದ 27.5ಕ್ಕೆ ಏರಿತು. ಅದನ್ನು ನಂಬಿ ಸುಗ್ಗಿಯಲ್ಲಿ ಸಾಲ ಮಾಡಿ ಗೋದಾಮು ತುಂಬಿಸಿಕೊಂಡವರ ಕಾಯಿ ಇನ್ನೂ ಖಾಲಿಯಾಗಿರದ ಹೊತ್ತಿಗೆ, 2025ರ ಮೇ 30ರಂದು ಅದು ಶೇ 16.5ಕ್ಕೆ ಇಳಿಯಿತು. ಬ್ಯಾಂಕಿನ ಬಡ್ಡಿ ಇಳಿಯಲಿಲ್ಲ.