ಕಾಯಿನನ ಹಣೆಯ ಮೇಲಿದ್ದ ಗುರುತು ಯಾವುದು?

ಪ್ರಶ್ನೆ: ತಮ್ಮನನ್ನು ಕೊಂದ ಕಾಯಿನನಿಗೆ ದೇವರು ಶಾಪ ಕೊಟ್ಟು ಹಣೆಗೆ ಗುರುತು ಹಾಕಿದನಲ್ಲ, ಅದು ಎಂಥ ಗುರುತು? ಅವನ ಮಕ್ಕಳು ಮೊಮ್ಮಕ್ಕಳಿಗೂ ಬಂತಾ?

ಇದಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಸಂಡೇ ಸ್ಕೂಲ್ ಮಕ್ಕಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ, ಸತ್ಯವೇದವನ್ನು, ಅಂದರೆ ಬೈಬಲನ್ನು, ಮೊದಲಿಂದ ಕೊನೆವರೆಗೆ ಓದಿ ಮುಗಿಸಿದವರೂ ಕೇಳುತ್ತಾರೆ. ಇನ್ನೊಂದು ಸಲ ಹೇಳಿಬಿಡುತ್ತೇನೆ. ಹಣೆ ಅನ್ನುವ ಮಾತೇ ಅಲ್ಲಿಲ್ಲ. ಗುರುತು ಶಾಪವೂ ಅಲ್ಲ.

ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ 4ನೇ ಅಧ್ಯಾಯ ತೆಗೆಯಿರಿ. ಶಾಪ ಇರುವುದು 11, 12ನೇ ವಚನಗಳಲ್ಲಿ. ಭೂಮಿ ನಿನಗೆ ಬೆಳೆ ಕೊಡುವುದಿಲ್ಲ, ನೀನು ಅಲೆದಾಡುತ್ತೀ ಅಂತ. ಅಲ್ಲಿಗೆ ಶಾಪ ಮುಗಿಯಿತು. ಆಮೇಲೆ ಕಾಯಿನ ಗೋಳಾಡುತ್ತಾನೆ, ‘ನನ್ನನ್ನು ಕಂಡವರು ಕೊಂದುಹಾಕುತ್ತಾರೆ’ ಅನ್ನುತ್ತಾನೆ. ದೇವರು ಹಾಗಾಗದಂತೆ ನೋಡಿಕೊಳ್ಳುತ್ತಾನೆ. ಕಾಯಿನನನ್ನು ಕೊಂದವನಿಗೆ ಏಳರಷ್ಟು ಶಿಕ್ಷೆ ಅನ್ನುತ್ತಾನೆ, ಯಾರೂ ಕೊಲ್ಲದಿರಲಿ ಅಂತಲೇ ಗುರುತು ಇಡುತ್ತಾನೆ. ಅದು 15ನೇ ವಚನ. ಕೊಲೆಗಾರನನ್ನು ಕಾಯುವ ಗುರುತು! ಇಷ್ಟು ಸ್ಪಷ್ಟವಾಗಿ ಬರೆದಿರುವುದನ್ನು ತಲೆಕೆಳಗು ಮಾಡಿ ಓದುತ್ತಾ ಬಂದಿದ್ದೇವೆ.

ಹೀಬ್ರೂವಿನಲ್ಲಿ ಇಲ್ಲಿರುವ ಪದ ‘ಓತ್’. ಜಲಪ್ರಳಯ ಮುಗಿದ ಮೇಲೆ ನೋಹನಿಗೆ ಮುಗಿಲಿನಲ್ಲಿ ಕಾಣಿಸಿದ ಬಿಲ್ಲಿಗೂ ಇದೇ ಪದ. ವಿಮೋಚನಕಾಂಡ 12ರಲ್ಲಿ ಸಾವು ಒಳಗೆ ಬರದಿರಲಿ ಅಂತ ಬಾಗಿಲಿಗೆ ಹಚ್ಚಿದ ಕುರಿಮರಿಯ ರಕ್ತಕ್ಕೂ ಇದೇ ಪದ. ಕಾಮನಬಿಲ್ಲನ್ನು ಯಾರಾದರೂ ಶಾಪ ಅನ್ನುತ್ತಾರಾ? ಹಣೆಯ ಗುರುತು ಬರುವುದು ಪ್ರವಾದಿ ಯೆಹೆಜ್ಕೇಲನ ಪುಸ್ತಕದ 9ನೇ ಅಧ್ಯಾಯದಲ್ಲಿ. ತಮಾಷೆ ನೋಡಿ, ಅಲ್ಲೂ ಗುರುತು ಇದ್ದವರೇ ಬದುಕುತ್ತಾರೆ.

ಅದು ನೋಡಲು ಹೇಗಿತ್ತು ಅಂತ ಸತ್ಯವೇದ ಹೇಳುವುದಿಲ್ಲ. ಹಳೇ ಕಾಲದ ಯೆಹೂದಿ ಗುರುಗಳಲ್ಲಿ ಒಬ್ಬರು ಕೊಂಬು ಅಂದರು, ಒಬ್ಬರು ಕುಷ್ಠ ಅಂದರು. ಇನ್ನೊಬ್ಬರು, ದೇವರು ಅವನ ಜೊತೆಗೆ ಒಂದು ನಾಯಿ ಕೊಟ್ಟ ಅಂದರು. ನನಗೆ ನಾಯಿಯೇ ಇಷ್ಟ.

ಈಗ ಸಂತತಿಯ ವಿಷಯ. ಇಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಕಪ್ಪು ಮೈಬಣ್ಣವೇ ಕಾಯಿನನ ಗುರುತು ಅಂತ ಅಮೆರಿಕದಲ್ಲಿ ಪ್ರಸಂಗ ಮಾಡಿದವರಿದ್ದರು. ಮನುಷ್ಯರನ್ನು ಕೊಂಡು ಮಾರುವುದಕ್ಕೆ ದೇವರ ವಾಕ್ಯವನ್ನೇ ಸಾಕ್ಷಿ ಮಾಡಿಕೊಂಡರು. 1865ರಲ್ಲಿ ಅಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾಯಿತು. ಈ ಕಟ್ಟುಕತೆ ಮಾತ್ರ ಆಮೇಲೂ ಉಳಿಯಿತು. ಅಮೆರಿಕದಲ್ಲೇ ಹುಟ್ಟಿದ ಮಾರ್ಮನ್ ಪಂಗಡದ ಸಭೆ ಕಪ್ಪು ಗಂಡಸರಿಗೆ ಯಾಜಕತ್ವ ಕೊಡಲು ಒಪ್ಪಿದ್ದೇ 1978ರಲ್ಲಿ.

ವಚನದಲ್ಲಿ ಮೈಬಣ್ಣ ಎಲ್ಲಿದೆ? ಮಕ್ಕಳಿಗೆ ಬಂತು ಅಂತ ಎಲ್ಲಿದೆ? ಗುರುತು ಸಿಕ್ಕಿದ್ದು ಕಾಯಿನ ಒಬ್ಬನಿಗೆ. ಇನ್ನೂ ಒಂದಿದೆ, ಇದನ್ನು ಹೇಳುವಾಗ ತರಗತಿಯಲ್ಲಿ ನನಗೆ ಸ್ವಲ್ಪ ಜಂಬವೇ ಬರುತ್ತದೆ. ಆದಿಕಾಂಡ 5ರ ವಂಶಾವಳಿ ನೋಡಿ. ನೋಹ ಬಂದದ್ದು ಆದಾಮನ ಇನ್ನೊಬ್ಬ ಮಗ ಸೇತನ ವಂಶದಲ್ಲಿ, ಕಾಯಿನನ ವಂಶದಲ್ಲಿ ಅಲ್ಲ. ಜಲಪ್ರಳಯದಲ್ಲಿ ಉಳಿದದ್ದು ನೋಹನ ಮನೆಯವರು ಎಂಟು ಜನ. ಹಾಗಾದರೆ ಕಾಯಿನನ ಗುರುತು ಹೊತ್ತ ಜನಾಂಗ ಎಲ್ಲಿಂದ ಬಂತು? ಇಷ್ಟು ಕೇಳಿದರೆ, ‘ಅದು ನೋಹನ ಮಗ ಹಾಮನ ಶಾಪ ಇರಬೇಕು’ ಅಂತ ಜಾರಿಕೊಳ್ಳುತ್ತಾರೆ. ಆ ಶಾಪ ಬಿದ್ದದ್ದೂ ಹಾಮನ ಮೇಲಲ್ಲ ಸ್ವಾಮಿ, ಅವನ ಮಗ ಕಾನಾನನ ಮೇಲೆ. 9ನೇ ಅಧ್ಯಾಯ.

(ಕಾಯಿನನ ಹೆಂಡತಿ ಎಲ್ಲಿಂದ ಬಂದಳು ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಆದಾಮನಿಗೆ ಬೇರೆ ಗಂಡು ಹೆಣ್ಣು ಮಕ್ಕಳೂ ಇದ್ದರು, 5:4. ಸಾಕಲ್ವಾ?)

ತಪ್ಪು ನನ್ನದೂ ಇದೆ. ಪಾಠ ಹೇಳಲು ಶುರು ಮಾಡಿದ ಹೊಸದರಲ್ಲಿ ಬೋರ್ಡಿನ ಮೇಲೆ ಕಾಯಿನನ ಚಿತ್ರ ಬರೆದು, ಹಣೆಗೆ ದೊಡ್ಡ ಚುಕ್ಕೆ ಇಟ್ಟಿದ್ದೆ. ಅದೇ ವರ್ಷ ತರಗತಿಯ ಒಬ್ಬ ಹುಡುಗ ಕಾಣಿಕೆ ಡಬ್ಬಿಯಿಂದ ದುಡ್ಡು ತೆಗೆದು ಸಿಕ್ಕಿಬಿದ್ದ. ದುಡ್ಡು ವಾಪಸ್ ಕೊಟ್ಟ, ಅತ್ತ. ಆದರೂ ಆಮೇಲೆ ಏನೇ ಕಳೆದರೂ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಅವನ ಕಡೆಗೆ. ಮಕ್ಕಳೂ ಅದನ್ನು ನೋಡಿ ಕಲಿತರು. ಅವನು ಬರುವುದನ್ನೇ ಬಿಟ್ಟ. ದೇವರು ಇಟ್ಟದ್ದು ‘ಇವನನ್ನು ಮುಟ್ಟಬೇಡಿ’ ಅನ್ನುವ ಗುರುತು. ನಾನು ಇಟ್ಟದ್ದು ‘ಇವನನ್ನು ಹಿಡಿಯಿರಿ’ ಅನ್ನುವುದು. ಬೋರ್ಡಿನ ಚುಕ್ಕೆ ಅಳಿಸಿದ್ದೆ, ಅದನ್ನು ಅಳಿಸಲಿಲ್ಲ.

ಆದಿಕಾಂಡ 4ರ ಕೊನೆಯಲ್ಲಿ ಕಾಯಿನನ ವಂಶದ ಲೆಮೆಕ ಬರುತ್ತಾನೆ. ಅವನ ಬಗ್ಗೆ ಯಾರೂ ಕೇಳುವುದೇ ಇಲ್ಲ. ಗಾಯ ಮಾಡಿದವನನ್ನು ಕೊಂದೆ ಅಂತ ಹೆಂಡತಿಯರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಕಾಯಿನನಿಗೆ ಏಳರಷ್ಟಾದರೆ ನನಗೆ ಎಪ್ಪತ್ತೇಳರಷ್ಟು ಅನ್ನುತ್ತಾನೆ. ಕೊಲೆ ನಿಲ್ಲಿಸಲು ದೇವರು ಹೇಳಿದ ಲೆಕ್ಕವನ್ನೇ ಹಿಡಿದು ಸೇಡಿಗೆ ಬಡ್ಡಿ ಹಾಕಿದ ಆಸಾಮಿ. ಎಷ್ಟು ಸಲ ಕ್ಷಮಿಸಲಿ, ಏಳು ಸಲ ಸಾಕಾ ಅಂತ ಪೇತ್ರ ಕೇಳಿದಾಗ ಯೇಸು ಹೇಳಿದ ಸಂಖ್ಯೆ ನೆನಪಿದೆಯಾ? ಏಳಲ್ಲ, ಎಪ್ಪತ್ತೇಳು ಸಲ ಅಂದ, ಮತ್ತಾಯ 18:22. ಲೆಮೆಕನ ಮಾತಿನ ಹಳೇ ಗ್ರೀಕ್ ಅನುವಾದದಲ್ಲೂ ಸಂಖ್ಯೆಗೆ ಅದೇ ಪದಗಳಿವೆ.

ಕೊಲೆಯಾದ ತಮ್ಮ ಹೇಬೆಲ? ಬದುಕಿದ್ದಾಗ ಅವನು ಆಡಿದ ಒಂದು ಮಾತೂ ಇಲ್ಲಿ ಬರೆದಿಲ್ಲ. ಸತ್ತ ಮೇಲೆ ಅವನ ರಕ್ತ ಕೂಗುತ್ತದೆ, ಅಷ್ಟೆ. ‘ಟೀಚರ್, ಆ ಗುರುತನ್ನು ಮೊದಲೇ ಹೇಬೆಲನಿಗೆ ಇಟ್ಟಿದ್ದರೆ ಆಗುತ್ತಿರಲಿಲ್ವಾ?’ ಅಂತ ಒಮ್ಮೆ ಒಂದು ಹುಡುಗಿ ಕೇಳಿದಳು. ನಾನು 7ನೇ ವಚನ ಓದಿಸಿದೆ. ಕೊಲೆಗೆ ಮುಂಚೆ ದೇವರು ಮಾತಾಡಿಸಿದ್ದು ಕಾಯಿನನನ್ನು, ಪಾಪ ಬಾಗಿಲಲ್ಲೇ ಹೊಂಚುಹಾಕಿದೆ ಅಂತ. ಅವಳು ಓದಿದಳು, ಪುಸ್ತಕ ಮುಚ್ಚಿದಳು. ‘ಅದು ಹೇಬೆಲನಿಗೆ ಗೊತ್ತಿತ್ತಾ ಟೀಚರ್?’ ಅಂದಳು.